ಹಲ್ಲುಗುರುತಿನ ಮುಚ್ಚಳ

ಕೆಂಪಳಿಲಿಗೆ ಹೊಸ ಪೆಟ್ಟಿಗೆ ಆಗಿಬರುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿಸಿ, ಎಷ್ಟೇ ಒಳ್ಳೆಯ ಹೇಜಲ್ ಕಾಯಿ ತುಂಬಿಸಿ ಮರಕ್ಕೆ ಬಿಗಿದರೂ ಅದು ಕೊಂಬೆಯ ಮೇಲೆ ಕೂತು, ಬಾಲ ಕುಣಿಸಿ, ಇದರಲ್ಲೇನೋ ಮೋಸವಿದೆ ಎಂಬಂತೆ ನೋಡಿ ಹೊರಟುಹೋಗುತ್ತದೆ. ಅದೇ, ಇನ್ನೊಂದು ಅಳಿಲು ತಲೆಯಿಂದ ಎತ್ತಿ ಎತ್ತಿ ಸವೆಸಿದ, ಅಂಚನ್ನೆಲ್ಲ ಹಲ್ಲಿನಿಂದ ಕೆರೆದು ಹಾಳುಮಾಡಿದ ಮುಚ್ಚಳ ಕಂಡರೆ ಅದರ ಅನುಮಾನ ಅರ್ಧ ಇಳಿಯುತ್ತದೆ. ಹಾಗಾಗಿ ಆಲರ್‌ಗಾರ್ತ್ ಊರಿನಲ್ಲಿ ತೋಟಕ್ಕೆ ಅಳಿಲು ಬರಲಿ ಎಂದು ಆಸೆಪಡುವವರು ಅಂಗಡಿಗೆ ಹೋಗುವುದಿಲ್ಲ. ಅಳಿಲು ಬರುವ ಮನೆಗೆ ಹೋಗಿ ಹಳೆಯ ಪೆಟ್ಟಿಗೆಯೊಂದನ್ನು ಕೇಳಿ ತರುತ್ತಾರೆ. ಕೇಳುವುದಕ್ಕೆ ಸ್ವಲ್ಪ ಬಿಗುಮಾನ ಬಿಡಬೇಕು, ಅಷ್ಟೇ.

ನಾರ್ಮನ್ ಸೂಯೆಲ್‌ಗೆ ಆ ಬಿಗುಮಾನ ಬಿಡಲು ಹನ್ನೊಂದು ವರ್ಷ ಹಿಡಿಯಿತು.

ನಾರ್ಮನ್ ಮೂವತ್ತು ವರ್ಷ ಪೆನ್ರಿತ್ ಪಟ್ಟಣದ ಬಸ್ಸು ಓಡಿಸಿದವನು. ನಿವೃತ್ತಿಯಾದ ಮೇಲೆ ಹಳ್ಳದಾಚೆಯ ತನ್ನ ತೋಟದಲ್ಲಿ ಚಿಟ್ಟೆ ಎಣಿಸತೊಡಗಿದ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಬಿಸಿಲಿದ್ದ ದಿನ ನೋಡಿ, ಒಂದೇ ದಾರಿ ಹಿಡಿದು, ಒಂದೇ ವೇಗದಲ್ಲಿ ನಡೆದು, ಎದುರಿಗೆ ಕಂಡದ್ದನ್ನು ಬರೆದುಕೊಳ್ಳಬೇಕು. ಬೆನ್ನ ಹಿಂದೆ ಹಾರಿದ್ದು ಲೆಕ್ಕಕ್ಕಿಲ್ಲ. ಒಂದೂ ಕಾಣದಿದ್ದರೆ ಸೊನ್ನೆ ಬರೆಯಬೇಕು, ಜಾಗ ಖಾಲಿ ಬಿಡಬಾರದು. ವೇಳಾಪಟ್ಟಿ ನಂಬಿ ಬದುಕಿದವನಿಗೆ ಇದು ಹೇಳಿ ಮಾಡಿಸಿದ ಕೆಲಸ. ಜುಲೈನಲ್ಲಿ ಅವನ ಬಡ್ಲಿಯಾ ಗಿಡಗಳು ಆಳೆತ್ತರ ಬೆಳೆದು ನೇರಳೆ ಗೊಂಚಲು ಬಿಟ್ಟರೆ ನವಿಲುಗಣ್ಣಿನ ಚಿಟ್ಟೆಗಳು ಕವಿದುಕೊಳ್ಳುತ್ತಿದ್ದವು. ಗೋಡೆಯ ಬುಡದಲ್ಲಿ ಮಂಚದಗಲ ಜಾಗಕ್ಕೆ ತುರಿಕೆ ಗಿಡ ಬಿಟ್ಟಿದ್ದ. ಆ ಚಿಟ್ಟೆಯ ಹುಳುಗಳು ತಿನ್ನುವುದು ಅದನ್ನೇ. ತಿಳಿಯದವರು ನಾರ್ಮನ್‌ನನ್ನು ಸೋಮಾರಿ ಎಂದುಕೊಂಡರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಹಳ್ಳದ ಈಚೆ, ಓಕ್ ಕಾಡಿಗೆ ಬೆನ್ನು ಕೊಟ್ಟು ಏವ್ರಿಲ್ ಡಾರ್ಗ್‌ಳ ಮನೆ. ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು, ಎರಡು ತಲೆಮಾರಿನ ಮಕ್ಕಳಿಗೆ ಕ್ಯಾರೆಟ್ ತಿನ್ನಿಸಿದವಳು. ಈಗ ಊರಿನ ಅಳಿಲು ಸಂಘದ ಕಾರ್ಯದರ್ಶಿ. ಅವಳ ತೋಟಕ್ಕೆ ಬರುತ್ತಿದ್ದ ಐದಾರು ಕೆಂಪಳಿಲುಗಳನ್ನು ಬಾಲದ ಬಣ್ಣದಿಂದಲೇ ಗುರುತಿಸುತ್ತಿದ್ದಳು. ಹೆಸರು ಮಾತ್ರ ಇಟ್ಟಿರಲಿಲ್ಲ. ಹೆಸರಿಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಜುಲೈ ತಿಂಗಳ ಕೊನೆಯ ಭಾನುವಾರ ಊರಿನವರೆಲ್ಲ ತೋಟದ ಬಾಗಿಲು ತೆರೆದಿಡುತ್ತಾರೆ. ಹೊರಗಿನ ಜನ ಬಂದು ಮನೆಯಿಂದ ಮನೆಗೆ ಅಡ್ಡಾಡಿ, ಹೂವು ನೋಡಿ, ಸಭಾಂಗಣದಲ್ಲಿ ಚಹಾ ಕುಡಿದು ಹೋಗುತ್ತಾರೆ. ಪ್ರತಿವರ್ಷ ಅರ್ಧ ಜನ ಏವ್ರಿಲ್‌ಳ ಅಳಿಲು ನೋಡಲು, ಇನ್ನರ್ಧ ನಾರ್ಮನ್‌ನ ಚಿಟ್ಟೆ ನೋಡಲು. ಅಳಿಲೆಂದರೆ ಒಳ್ಳೇ ಬಾಲ ಸಿಕ್ಕಿದ ಇಲಿ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಚಿಟ್ಟೆಯೆಂದರೆ ಎಲೆಕೋಸು ತಿಂದು ಕೊಬ್ಬಿದ ಹುಳು, ಮೇಲೊಂದು ರೇಷ್ಮೆ ಅಂಗಿ ಎಂದು ಅವಳು. ಇಬ್ಬರೂ ಈ ಮಾತನ್ನು ವರ್ಷ ವರ್ಷ ಹೇಳಿ ಸವೆಸಿದ್ದರು, ಆದರೂ ಬಿಟ್ಟಿರಲಿಲ್ಲ.

ಹಾಗಿದ್ದವನು ಆ ವರ್ಷ, ತೋಟದ ಭಾನುವಾರಕ್ಕೆ ಆರು ದಿನ ಇರುವಾಗ, ಅವಳ ಅಡುಗೆಮನೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ಮಳೆಯ ಮಾತಾಡಿದ. ತೋಟದ ಗೂಸ್‌ಬೆರಿ ಹಣ್ಣಿನ ಮಾತಾಡಿದ. ಕೊನೆಗೆ, ಆಚೆ ಗುಡ್ಡದ ಪೈನ್ ತೋಪಿನಲ್ಲಿ ಒಂದು ಅಳಿಲು ಇದ್ದ ಹಾಗಿದೆ, ತನ್ನ ಗೋಡೆಯವರೆಗೆ ಬಂದು ಹೋಗುತ್ತಿದೆ ಎಂದ. ಹನ್ನೊಂದು ವರ್ಷದಲ್ಲಿ ಮೂರು ಹೊಸ ಪೆಟ್ಟಿಗೆ ಕಟ್ಟಿದ್ದನಂತೆ, ಯಾರಿಗೂ ಹೇಳದೆ. ಮೂರರಲ್ಲೂ ಕಾಯಿ ಬೂಸ್ಟು ಹಿಡಿಯಿತಂತೆ. ಇಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು.

ಏವ್ರಿಲ್‌ಗೆ ನಗು ಬಂತು, ಆದರೆ ನಗಲಿಲ್ಲ. ಅದನ್ನು ಅವಳ ಒಳ್ಳೆಯತನಕ್ಕೆ ಬರೆದುಕೊಳ್ಳಬೇಕು. ಹಿತ್ತಲಿಗೆ ಹೋಗಿ ಆಶ್ ಮರಕ್ಕೆ ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ತಂದು ಅವನ ಕೈಗೆ ಕೊಟ್ಟಳು. ಅವಳ ಎರಡು ಪೆಟ್ಟಿಗೆಗಳಲ್ಲಿ ಅದು ಚಿಕ್ಕದು. ಎಂಟು ವರ್ಷದ ಹಲ್ಲುಗುರುತು ಮುಚ್ಚಳದ ಮೇಲೆ. ವಾರವಾರ ತೊಳೆಯುತ್ತಿದ್ದಳು, ಎರಡು ದಿನದ ಹಿಂದೆ, ಶನಿವಾರವೂ ತೊಳೆದಿದ್ದಳು. ಆದರೆ ಹಲ್ಲು ಕೆರೆದ ಮರದ ಸೀಳಿನೊಳಗೆ ಬ್ರಷ್ ಎಷ್ಟು ಹೋಗುತ್ತದೆ?

ಬುಧವಾರ ಬೆಳಗ್ಗೆ ಏಳಕ್ಕೆ ಫೋನು ಬಂತು.

"ಬಂತು ಕಣೇ," ಎಂದ ನಾರ್ಮನ್, ಪಿಸುಮಾತಿನಲ್ಲಿ. "ಮುಚ್ಚಳ ಎತ್ತಿ ಒಳಗೆ ತಲೆ ಹಾಕಿದೆ. ಈಗ್ಲೂ ಇದೆ. ಇಡ್ತೀನಿ."

ಬಸ್ಸಿನ ಗಾಜು ಒಡೆದಾಗಲೂ, ತಾಯಿ ತೀರಿಕೊಂಡಾಗಲೂ ಒಂದೇ ದನಿಯಲ್ಲಿ ಮಾತಾಡಿದವನು ಅವನು. ಏವ್ರಿಲ್ ಆ ದಿನವೆಲ್ಲ ಒಬ್ಬಳೇ ನಗುತ್ತಿದ್ದಳು.

ಗುರುವಾರ ನಸುಕಿನಲ್ಲಿ ಅವಳ ಹಿತ್ತಲಿನ ದೊಡ್ಡ ಪೆಟ್ಟಿಗೆಯ ಕೆಳಗೆ, ಫಾಕ್ಸ್‌ಗ್ಲವ್ ಹೂಗಳ ನಡುವೆ ಒಂದು ಅಳಿಲು ಕೂತಿತ್ತು. ಅದು ಕೂತ ರೀತಿಯೇ ಸರಿಯಿರಲಿಲ್ಲ. ಅವಳು ಬಾಗಿಲು ತೆಗೆದರೂ ಓಡಲಿಲ್ಲ. ಕಾಯಿಯೊಂದನ್ನು ಎರಡು ಕೈಯಲ್ಲಿ ಹಿಡಿದು, ಬೀಳಿಸಿ, ಮತ್ತೆ ನೆಲದಲ್ಲಿ ತಡಕಿತು. ಏವ್ರಿಲ್ ನಾಲ್ಕು ಹೆಜ್ಜೆ ಹತ್ತಿರ ಹೋದಳು. ಎಡಗಣ್ಣು ಮುಚ್ಚಿ ಸುತ್ತ ಹಕ್ಕಳೆ ಕಟ್ಟಿತ್ತು; ತುಟಿಯಲ್ಲಿ ಹಸಿ ಹುಣ್ಣು. ನಿಧಾನಕ್ಕೆ, ಕುಡಿದವರ ಹಾಗೆ, ಬೇಲಿಯ ಸಂದಿಯಲ್ಲಿ ತೂರಿ ಕಾಡಿಗೆ ಹೋಯಿತು.

ಅದೇನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬೂದು ಅಳಿಲು ಸಿಡುಬನ್ನು ಮೈಯಲ್ಲಿ ಹೊತ್ತು ತಿರುಗುತ್ತದೆ, ಅದಕ್ಕೇನೂ ಆಗುವುದಿಲ್ಲ. ಕೆಂಪಿಗೆ ತಗುಲಿದರೆ ಎರಡು ವಾರದ ಆಯುಸ್ಸು. ಒಂದು ತಿಂದ ಪೆಟ್ಟಿಗೆಯಲ್ಲಿ ಇನ್ನೊಂದು ಮೂತಿ ಇಟ್ಟರೆ ಸಾಕು. ಸಭಾಂಗಣದ ಗೋಡೆಯ ಮೇಲೆ ಸಂಘದ ನಿಯಮದ ಹಾಳೆ ಅಂಟಿಸಿದೆ, ಏವ್ರಿಲ್‌ಳದೇ ಕೈಬರಹ: ಒಂದು ಅಳಿಲಿನ ಕಣ್ಣು ಕೆಟ್ಟದ್ದು ಕಂಡರೆ ಸಂಘಕ್ಕೆ ತಿಳಿಸಿ. ಊರಿನ ಎಲ್ಲ ಪೆಟ್ಟಿಗೆ ಇಳಿಯಬೇಕು. ಅಂದೇ. ಕಾಯಬೇಡಿ. ಕೊನೆಯ ಮಾತಿನ ಕೆಳಗೆ ಎರಡು ಗೆರೆ. ಎರಡು ವರ್ಷದ ಹಿಂದೆ ಅಂಚೆಯ ಹೆಂಗಸೊಬ್ಬಳು ಒಂದು ದಿನ ತಡಮಾಡಿದ್ದಕ್ಕೆ ಏವ್ರಿಲ್ ಎಲ್ಲರೆದುರು ಅವಳ ನೀರಿಳಿಸಿದ್ದಳು. ಆಮೇಲೆ ಆ ಹೆಂಗಸು ಸಂಘದ ಕಡೆ ತಲೆ ಹಾಕಲಿಲ್ಲ.

ತನ್ನ ಪೆಟ್ಟಿಗೆಯನ್ನು ಏವ್ರಿಲ್ ಆ ಕ್ಷಣವೇ ಇಳಿಸಿದಳು. ಕಾಯಿ ಸುಟ್ಟಳು, ಔಷಧಿ ನೀರಿನಲ್ಲಿ ಪೆಟ್ಟಿಗೆ ಮುಳುಗಿಸಿದಳು, ಕೈಯನ್ನು ಮೊಣಕೈವರೆಗೆ ಉಜ್ಜಿ ತೊಳೆದಳು. ಇನ್ನು ಫೋನು. ಸಂಘದ ಕಾವಲುಗಾರ್ತಿ ಶೋನಾ, ವ್ಯಾನಿನಲ್ಲಿ ಬೋನು ಇಟ್ಟುಕೊಂಡು ಬೂದು ಅಳಿಲು ಹಿಡಿಯುತ್ತ ಸುತ್ತುವವಳು. ಅವಳಿಗೆ ಒಂದು ಮಾತು ಹೇಳಿದರೆ ಮಧ್ಯಾಹ್ನದೊಳಗೆ ಅಳಿಲಿಗೆ ಕಾಯಿ ಇಡುವ ಒಂಬತ್ತೂ ಮನೆಯ ಪೆಟ್ಟಿಗೆ ಇಳಿಯುತ್ತದೆ. ಹಳ್ಳದಾಚೆಯದೂ ಇಳಿಯುತ್ತದೆ.

ಏವ್ರಿಲ್ ಫೋನಿನ ಮುಂದೆ ಕೂತು ತನ್ನ ಜೊತೆ ತಾನೇ ವಾದ ಮಾಡಿದಳು. ಕಣ್ಣಿಗೆ ಮುಳ್ಳು ತಾಗಿರಬಹುದು. ಗಂಡುಗಳು ಕಚ್ಚಾಡಿರಬಹುದು. ಒಂದು ದಿನ ನೋಡಿದರೆ ಖಾತ್ರಿಯಾಗುತ್ತದೆ, ಸುಮ್ಮನೆ ಊರೆಲ್ಲ ಗಾಬರಿ ಮಾಡುವುದೇಕೆ? ಅಂಚೆಯ ಹೆಂಗಸು ಕೂಡ ಇದನ್ನೇ ಹೇಳಿದ್ದಳು, ಪದಕ್ಕೆ ಪದ. ಅದು ಏವ್ರಿಲ್‌ಗೆ ನೆನಪಿತ್ತು. ಆದರೂ ಶೋನಾಳ ನಂಬರು ಒತ್ತಿ, ಎರಡು ಸಲ ರಿಂಗಾಗುವಷ್ಟರಲ್ಲಿ ಇಟ್ಟುಬಿಟ್ಟಳು.

ಶುಕ್ರವಾರ ಬೆಳಗ್ಗೆ ಅವಳು ಹಳ್ಳದ ಹಲಗೆ ಸೇತುವೆ ದಾಟಿ ನಾರ್ಮನ್‌ನ ಮನೆಗೆ ಹೋದಳು. ಹೇಳಿಬಿಡಬೇಕೆಂದೇ ಹೋದದ್ದು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅವನು ಬಡ್ಲಿಯಾ ಗಿಡಗಳ ಹಿಂದೆ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದ, ಮೊಣಕಾಲ ಮೇಲೆ ಚಿಟ್ಟೆ ಪುಸ್ತಕ. ಅವಳನ್ನು ಕಂಡದ್ದೇ ತುಟಿಗೆ ಬೆರಳಿಟ್ಟು, ಇನ್ನೊಂದು ಬಕೆಟ್ ಕಾಲಿನಿಂದ ತಳ್ಳಿಕೊಟ್ಟ. ಅವಳಿಗೋಸ್ಕರವೇ ತಂದಿಟ್ಟಿದ್ದನಂತೆ, ನಿನ್ನೆಯಿಂದ.

ಇಬ್ಬರೂ ಸುಮಾರು ಹೊತ್ತು ಕೂತರು. ಬಿಸಿಲು ಗೋಡೆ ದಾಟಿ ಗಿಡದ ಮೇಲೆ ಬಿತ್ತು. ಒಂದು, ಮೂರು, ಏಳು ನವಿಲುಗಣ್ಣಿನ ಚಿಟ್ಟೆಗಳು ಗೊಂಚಲಿನಲ್ಲಿ ರೆಕ್ಕೆ ಬಿಚ್ಚಿದವು. ನಾರ್ಮನ್ ಅವನ್ನು ನೋಡಲೂ ಇಲ್ಲ. ಆಮೇಲೆ ಗೋಡೆಯ ತುದಿಯಲ್ಲಿ ಅದು ಕಾಣಿಸಿಕೊಂಡಿತು. ಹೆಣ್ಣು. ಬೇಸಿಗೆಯಾದ್ದರಿಂದ ಕಿವಿಯ ಜುಟ್ಟು ಉದುರಿ, ಬಾಲ ಬಿಸಿಲಿಗೆ ಬಿಳಚಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯಲ್ಲಿ ಮೊಲೆತೊಟ್ಟು ಎದ್ದು ಕಾಣುತ್ತಿತ್ತು, ತೋಪಿನಲ್ಲೆಲ್ಲೋ ಮರಿಗಳಿದ್ದವು. ಕಣ್ಣು ಎರಡೂ ಕರಿಮಣಿಯ ಹಾಗೆ ಸ್ವಚ್ಛ. ಗೋಡೆಯಿಂದ ಮರಕ್ಕೆ ಹಾರಿ, ಮುಚ್ಚಳದ ಅಂಚನ್ನು, ಆ ಎಂಟು ವರ್ಷದ ಹಲ್ಲುಗುರುತನ್ನು, ಮೂಸಿ ಮೂಸಿ ನೋಡಿ, ಸಮಾಧಾನವಾಗಿ ತಲೆಯಿಂದ ಎತ್ತಿತು.

ನಾರ್ಮನ್ ಪುಸ್ತಕ ತೆರೆದು ತೋರಿಸಿದ. ಚಿಟ್ಟೆಗಳ ಸಾಲಿನ ಪಕ್ಕ ಸ್ಕೇಲಿಟ್ಟು ಹೊಸ ಗೆರೆ ಎಳೆದಿದ್ದ. ಮೇಲೆ 'ಅಳಿಲು' ಎಂದು ಬರೆದು, ಕೆಳಗೆ ಬುಧವಾರ ಒಂದು, ಗುರುವಾರ ಒಂದು. ಶುಕ್ರವಾರದ ಎದುರಿಗೆ ಅವಳ ಕಣ್ಣ ಮುಂದೆಯೇ ಒಂದು ಎಂದು ಬರೆದ.

ಏವ್ರಿಲ್‌ಗೆ ನಾಲಿಗೆಯ ತುದಿಗೆ ಬಂದದ್ದನ್ನು ಹೇಳಲಾಗಲಿಲ್ಲ. ನುಂಗಿದಳು. ಇನ್ನೆರಡು ದಿನ, ಭಾನುವಾರವೊಂದು ಕಳೆಯಲಿ ಎಂದುಕೊಂಡಳು. ಅದರ ಕಣ್ಣು ಚೆನ್ನಾಗಿಯೇ ಇದೆಯಲ್ಲ, ರೋಗ ಈಚೆ ಕಾಡಿನದು, ಇದು ಆಚೆ ತೋಪಿನದು, ನಡುವೆ ಹಳ್ಳವಿದೆ. ಹಳ್ಳ ದಾಟಿಸಿದ್ದು ತನ್ನದೇ ಪೆಟ್ಟಿಗೆ ಎಂಬುದು ಗೊತ್ತಿದ್ದೂ ಹೀಗೆಲ್ಲ ಅಂದುಕೊಂಡಳು. ಹೊರಡುವಾಗ ನಾರ್ಮನ್ ಒಂದು ಬುಟ್ಟಿ ಗೂಸ್‌ಬೆರಿ ಕೊಟ್ಟ. ಅವಳು ತೆಗೆದುಕೊಂಡಳು. ಅದಕ್ಕಾದರೂ ಅವಳಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ.

ಶನಿವಾರ ಮುಂಜಾನೆ, ಗುರುವಾರ ಕಂಡ ಆ ಅಳಿಲು ಅವಳ ಹಿತ್ತಲಿನ ಫಾಕ್ಸ್‌ಗ್ಲವ್ ಬುಡದಲ್ಲಿ ಸತ್ತು ಬಿದ್ದಿತ್ತು. ಎರಡು ಕಣ್ಣೂ ಮುಚ್ಚಿಹೋಗಿದ್ದವು, ಬೆರಳುಗಳಲ್ಲೂ ಹುಣ್ಣು. ಮುಳ್ಳಿನ ಮಾತು, ಕಚ್ಚಾಟದ ಮಾತು ಅಲ್ಲಿಗೆ ಮುಗಿಯಿತು. ಏವ್ರಿಲ್ ಕೈಗವಸು ತೊಟ್ಟು ಅದನ್ನು ಎತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಿನಾಂಕ ಬರೆದು, ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಇಟ್ಟಳು. ಪರೀಕ್ಷೆಗೆ ಕಳಿಸುವವರೆಗೆ ಅಲ್ಲಿ ಎಲ್ಲರೂ ಹಾಗೇ ಇಡುವುದು. ಆಮೇಲೆ ಫೋನು ಮಾಡಿದಳು. ಶೋನಾ ಹೆಚ್ಚು ಕೇಳಲಿಲ್ಲ. ಒಂದೇ ಕೇಳಿದಳು: ಏವ್ರಿಲ್‌ಳ ಎರಡೂ ಪೆಟ್ಟಿಗೆ ಇಳಿದಿವೆಯೇ? ಒಂದು ಇಳಿದಿದೆ, ಇನ್ನೊಂದು ನಾರ್ಮನ್‌ನ ಬಳಿ ಇದೆ, ನಾನೇ ಹೋಗಿ ಹೇಳುತ್ತೇನೆ ಎಂದಳು ಏವ್ರಿಲ್. ಬೇಗ ಹೋಗಿ ಎಂದಳು ಶೋನಾ.

ನಾರ್ಮನ್ ಮರುದಿನಕ್ಕಾಗಿ ದಾರಿಯ ಕಳೆ ಕೀಳುತ್ತಿದ್ದ. ಅವಳು ಹೇಳಿದ್ದನ್ನು ಬಗ್ಗಿದ ಹಾಗೇ ಕೇಳಿದ. ಎದ್ದು, ಏಣಿ ತಂದು, ಪೆಟ್ಟಿಗೆ ಬಿಚ್ಚಿದ. ಕಾಯಿಗಳನ್ನು ತಗಡಿನ ಡಬ್ಬಿಗೆ ಸುರಿದ. ಅವನಿಗೆ ನಿಯಮ ಗೊತ್ತಿತ್ತು. ಸಭಾಂಗಣದ ಗೋಡೆಯ ಮೇಲೆ ಓದಿದ್ದ. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ ಅವಳ ಕಡೆ ತಿರುಗಿದ.

"ಇವತ್ತು ಬೆಳಿಗ್ಗೆ ನೋಡ್ದೆಯಾ?"

ಹೌದೆಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಲು ಅಷ್ಟು ಚೆಂದದ ಅವಕಾಶ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಸತ್ತಿದ್ದು ಇವತ್ತು ನೋಡ್ದೆ," ಎಂದಳು. "ಕಾಯಿಲೆ ಬಿದ್ದಿದ್ದು ಗುರುವಾರ."

"ಶುಕ್ರವಾರ ನೀನಿಲ್ಲಿ ಬಂದು ಕೂತಿದ್ದೆ."

"ಕೂತಿದ್ದೆ."

"ಆ ಬಕೆಟ್ ಮೇಲೆ."

"ಹೇಳೋಣ ಅಂತಲೇ ಬಂದಿದ್ದು, ನಾರ್ಮನ್. ನಿನ್ ಮುಖ ನೋಡಿ ಆಗ್ಲಿಲ್ಲ."

ನಾರ್ಮನ್ ಮತ್ತೆ ಬಗ್ಗಿ ಕಳೆ ಕೀಳತೊಡಗಿದ. ಅವಳು ಮನೆಗೆ ಬಂದಳು.

ಭಾನುವಾರ ಬಿಸಿಲು ಚೆನ್ನಾಗಿಯೇ ಬಿತ್ತು. ಒಂಬತ್ತು ಮನೆಯಲ್ಲೂ ಪೆಟ್ಟಿಗೆ ಇರಲಿಲ್ಲ, ಅಳಿಲೂ ಇರಲಿಲ್ಲ. ಕ್ಯಾಮೆರಾ ತಂದಿದ್ದವರು ಏವ್ರಿಲ್‌ಳ ತೋಟದಲ್ಲಿ ಅರ್ಧ ಗಂಟೆ ಕಾದು, ಡೆಲ್ಫಿನಿಯಂ ಹೂವಿನ ಚಿತ್ರ ತೆಗೆದು, ಮುಖ ಸಪ್ಪೆ ಮಾಡಿಕೊಂಡು ಹಳ್ಳ ದಾಟಿದರು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಒಬ್ಬಳೇ ಇರಲು ಆಗಲಿಲ್ಲ. ಗೇಟು ತೆರೆದಿಟ್ಟೇ ನಾರ್ಮನ್‌ನ ತೋಟಕ್ಕೆ ಹೋಗಿ, ಜನರ ಹಿಂದೆ ಗೇಟಿನ ಹತ್ತಿರ ನಿಂತಳು.

ಅಲ್ಲಿ ಜಾತ್ರೆ. ಮೂವತ್ತು ಜನ ಬಡ್ಲಿಯಾ ಸುತ್ತ ಕತ್ತು ಉದ್ದ ಮಾಡಿ ನಿಂತಿದ್ದರು. ನಾರ್ಮನ್ ಹೊಸ ಟೈ ಕಟ್ಟಿಕೊಂಡು, ಇದು ನವಿಲುಗಣ್ಣು, ಇದು ಆಮೆಚಿಪ್ಪು, ಅದನ್ನು ಮುಟ್ಟಬೇಡಿ ತುರಿಕೆ ಗಿಡ ಎಂದು ಬಸ್ಸಿನ ನಿಲ್ದಾಣ ಕೂಗುವ ದನಿಯಲ್ಲಿ ಹೇಳುತ್ತಿದ್ದ. ಅಷ್ಟರಲ್ಲಿ ಗೋಡೆಯ ತುದಿಯಲ್ಲಿ ಆ ಬಿಳಚು ಬಾಲದ ಅಳಿಲು ಬಂದು ಕೂತಿತು.

ಜನ ಉಸಿರು ಬಿಗಿಹಿಡಿದರು. ಅದು ಯಾರಿಗೂ ಹೆದರದೆ ಗೋಡೆಯಿಂದ ಮರಕ್ಕೆ ಹಾರಿ, ಪೆಟ್ಟಿಗೆ ಇದ್ದ ಜಾಗದಲ್ಲಿ ಎರಡು ಮೊಳೆ ಮಾತ್ರ ಇರುವುದನ್ನು ಕಂಡು, ಮೊಳೆಯನ್ನೇ ಮೂಸಿತು. ಸುತ್ತ ನೋಡಿತು. ಕೆಳಗಿಳಿದು ನಾರ್ಮನ್‌ನ ಬೂಟಿಗೆ ಎರಡು ಗಜ ದೂರದಲ್ಲಿ ಹಿಂಗಾಲ ಮೇಲೆ ನಿಂತಿತು. ನೆಲದಲ್ಲಿ ಚೆಲ್ಲಿದ ಒಂದು ಕಾಯಿಯನ್ನೂ ಅದು ತಿನ್ನಬಾರದು, ಇಲ್ಲಿಗೆ ಬರುವ ರೂಢಿಯೇ ತಪ್ಪಬೇಕು. ಹೀಗೆಂದು ಶೋನಾ ಎಲ್ಲ ಮನೆಗೂ ಹೇಳಿ ಹೋಗಿದ್ದಳು.

ನಾರ್ಮನ್ ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದ. ಅಳಿಲು ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನಿಂತಿತು. ಅವನು ಮುಂದೆ ನುಗ್ಗಿ, ಬೂಟು ನೆಲಕ್ಕೆ ಬಡಿದು, ಗಂಟಲು ಹರಿಯುವ ಹಾಗೆ ಕೂಗಿದ. ಚಿಟ್ಟೆಗಳೆಲ್ಲ ಒಮ್ಮೆಲೇ ಎದ್ದವು. ಅಳಿಲು ಗೋಡೆ ಹತ್ತಿ, ಅಲ್ಲಿಂದ ಒಮ್ಮೆ ತಿರುಗಿ ನೋಡಿ, ಪೈನ್ ತೋಪಿನ ಕಡೆ ಓಡಿತು.

ಜನ ಗೊಣಗತೊಡಗಿದರು. ಟೋಪಿಯಲ್ಲಿ ಡೇಲಿಯಾ ಸಿಕ್ಕಿಸಿಕೊಂಡ ಹೆಂಗಸೊಬ್ಬಳು, ನಾವು ನೂರು ಮೈಲಿಯಿಂದ ಬಂದದ್ದು ಇದನ್ನು ನೋಡೋಕೆ, ಎಂಥ ಕಲ್ಲುಹೃದಯದ ಮುದುಕ ಎಂದು ಅವನಿಗೆ ಕೇಳುವಂತೆಯೇ ಹೇಳಿದಳು. ನಾರ್ಮನ್ ಟೈ ಸರಿಮಾಡಿಕೊಂಡ. ಜನರಿಗೆ ಬೆನ್ನು ತಿರುಗಿಸಿದ.

ಶಾಲೆಯ ಊಟದ ಕೋಣೆಯಲ್ಲಿ ಇನ್ನೂರು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದ ಏವ್ರಿಲ್‌ಳ ಗಂಟಲು ಇನ್ನೂ ಕೆಟ್ಟಿರಲಿಲ್ಲ.

"ಅವನಿಗೇನೂ ಅನ್ಬೇಡಿ," ಎಂದಳು. ಮೂವತ್ತು ತಲೆ ತಿರುಗಿತು. "ಈ ಊರಿಗೆ ಅಳಿಲಿನ ಸಿಡುಬು ಬಂದಿದೆ. ಬಂದಿದ್ದು ನನ್ನ ತೋಟಕ್ಕೆ. ಅವನ ಮರದಲ್ಲಿದ್ದಿದ್ದು ನನ್ನ ಪೆಟ್ಟಿಗೆ. ಗುರುವಾರ ಗೊತ್ತಾಯ್ತು, ನಾನು ಶನಿವಾರ ಬಾಯಿಬಿಟ್ಟೆ. ಅದನ್ನ ಓಡಿಸ್ದೆ ಇದ್ರೆ ಸಾಯುತ್ತೆ. ಬೈಯೋದಿದ್ರೆ ನನ್ನ ಬೈಯಿರಿ, ಇಲ್ಲೇ ಇದ್ದೀನಿ."

ಯಾರೂ ಬೈಯಲಿಲ್ಲ. ಡೇಲಿಯಾದ ಹೆಂಗಸು ಚಹಾ ಎಲ್ಲಿ ಕೊಡುತ್ತಾರೆಂದು ಕೇಳಿಕೊಂಡು ಹೋದಳು. ಅಂಚೆಯ ಹೆಂಗಸೂ ಗುಂಪಿನಲ್ಲಿದ್ದಳು. ಅವಳು ಏವ್ರಿಲ್‌ಳನ್ನು ಒಂದು ಗಳಿಗೆ ನೋಡಿ, ಕಣ್ಣು ತಗ್ಗಿಸಿದಳು. ನಾರ್ಮನ್ ಬೆನ್ನು ತಿರುಗಿಸಿಯೇ ನಿಂತಿದ್ದ. ಚಿಟ್ಟೆಗಳು ಒಂದೊಂದಾಗಿ ಗೊಂಚಲಿಗೆ ಮರಳಿದವು.

ಮಾರನೆಯ ದಿನದಿಂದ ಏವ್ರಿಲ್ ಬೆಳಗ್ಗೆ ಆರೂವರೆಗೆ ಹಳ್ಳ ದಾಟಿ ಹೋಗುತ್ತಿದ್ದಳು, ಕೈಯಲ್ಲಿ ಎರಡು ಪಾತ್ರೆ ಮುಚ್ಚಳ. ಯಾರೂ ಅವಳನ್ನು ಕರೆದಿರಲಿಲ್ಲ. ನಾರ್ಮನ್ ಬೇಡವೆನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಅಳಿಲು ಗೋಡೆಯ ಮೇಲೆ ಕಂಡ ಕೂಡಲೇ ಅವಳು ಮುಚ್ಚಳ ಬಡಿಯುತ್ತಿದ್ದಳು, ಅವನು ಚಪ್ಪಾಳೆ. ಎಪ್ಪತ್ತರ ಆಸುಪಾಸಿನ ಇಬ್ಬರು ಬೆಳಗಿನ ಹೊತ್ತು ಹೂವಿನ ತೋಟದಲ್ಲಿ ನಿಂತು ಗದ್ದಲ ಮಾಡುವುದನ್ನು ಹಾಲಿನವನು ದಿನಾ ನೋಡಿ ನಗುತ್ತ ಹೋಗುತ್ತಿದ್ದ. ನಾರ್ಮನ್ ಪುಸ್ತಕದಲ್ಲಿ ಬರೆಯುತ್ತಿದ್ದ: ಒಂದು, ಓಡಿಸಿದೆ. ಒಂದು, ಓಡಿಸಿದೆ. ಐದನೆಯ ದಿನ ಅದು ಗೋಡೆಯ ಮೇಲೆಯೇ ನಿಂತು ನೋಡಿ ಹೋಯಿತು. ಎಂಟನೆಯ ದಿನ ಬರಲಿಲ್ಲ. ಸೊನ್ನೆ. ಒಂಬತ್ತು, ಹತ್ತು, ಹನ್ನೊಂದು: ಸೊನ್ನೆ.

ಕಲಿತುಬಿಟ್ಟಿತು ಎಂದುಕೊಂಡಳು ಏವ್ರಿಲ್. ಹಾಗೆ ಜೋರಾಗಿ ಹೇಳಲು ಮಾತ್ರ ಹೆದರಿಕೆ.

ಹನ್ನೆರಡನೆಯ ದಿನ ಅವಳು ಹೋದಾಗ ನಾರ್ಮನ್ ಗೋಡೆಯ ಬುಡದಲ್ಲಿ ತೋಳು ಮಡಿಸಿ ನಿಂತಿದ್ದ. ಕೈಯೆಲ್ಲ ತುರಿಕೆ ಗಿಡದ ಬೊಬ್ಬೆ. ತುರಿಕೆ ಗಿಡಗಳನ್ನು ಬಗ್ಗಿಸಿ ದಾರಿ ಮಾಡಿದ್ದ. ನಡುವೆ ಒಣಹುಲ್ಲಿನ ಬಣ್ಣದ ಬಾಲ ಕಾಣುತ್ತಿತ್ತು. ಕಣ್ಣುಗಳ ಗತಿ ಅವಳಿಗೆ ದೂರದಿಂದಲೇ ತಿಳಿಯಿತು. ಮೇಲಿನ ಎಲೆಗಳಲ್ಲಿ ನವಿಲುಗಣ್ಣಿನ ಕರಿ ಹುಳುಗಳು ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು.

"ಚೀಲ ತಂದಿದ್ದೀಯಾ?" ಎಂದ ನಾರ್ಮನ್.

ಅವಳ ಜೇಬಿನಲ್ಲಿ ಚೀಲ ಇತ್ತು. ಹನ್ನೆರಡು ದಿನದಿಂದಲೂ ಇತ್ತು.

ಶೋನಾ ಬಂದು, ಫ್ರೀಜರಿನಲ್ಲಿದ್ದದ್ದೂ ಸೇರಿ, ಎರಡೂ ಅಳಿಲುಗಳ ಚೀಲ ಒಯ್ದಳು. ಯಾವ ದಿನ ತಗುಲಿತೆಂದು ಯಾರೂ ಹೇಳಲಾರರು, ಮೊದಲ ದಿನ ಮುಚ್ಚಳ ಮೂಸಿದಾಗಲೇ ತಗುಲಿರಬಹುದು, ಹಾಗಿದ್ದರೆ ಗುರುವಾರ ಹೇಳಿದ್ದರೂ ಅಷ್ಟೇ ಎಂದಳು. ಸಮಾಧಾನಕ್ಕೆ ಹೇಳಿದ ಮಾತು, ಸುಳ್ಳೂ ಅಲ್ಲ. ಏವ್ರಿಲ್ ಆಸೆಯಿಂದ ನಾರ್ಮನ್‌ನ ಮುಖ ನೋಡಿದಳು. ಅವನು ಬೇರೆ ಕಡೆ ನೋಡುತ್ತಿದ್ದ. ಮರಿಗಳ ಮಾತನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ.

ಊರಿನಲ್ಲಿ ಇನ್ನೆರಡು ಸತ್ತವು, ಅಲ್ಲಿಗೆ ನಿಂತಿತು. ಅಕ್ಟೋಬರ್ ಮೊದಲ ವಾರ ಶೋನಾ ಎಲ್ಲರಿಗೂ ಪೆಟ್ಟಿಗೆ ಕಟ್ಟಬಹುದೆಂದು ಹೇಳಿ ಕಳಿಸಿದಳು. ಅದೇ ಸಂಜೆ ನಾರ್ಮನ್ ಏವ್ರಿಲ್‌ಳ ಅಡುಗೆಮನೆಯ ಬಾಗಿಲಿಗೆ ಬಂದ. ಈ ಸಲ ಟೋಪಿ ತಲೆಯ ಮೇಲೆಯೇ ಇತ್ತು. ಅವಳ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಉಜ್ಜಿ ತೊಳೆದು, ಸಡಿಲವಾಗಿದ್ದ ಕೀಲು ಬಿಗಿದು, ಹೊಸ ಲಾರ್ಚ್ ಮರದ ಮುಚ್ಚಳ ಕೂರಿಸಿದ್ದ. ಬಸ್ಸಿನವನ ಕೆಲಸ, ಎಲ್ಲ ಅಚ್ಚುಕಟ್ಟು. ಮುಚ್ಚಳದ ಅಂಚು ನುಣ್ಣಗೆ, ಬೆಳ್ಳಗೆ ಇತ್ತು.

"ಹಳೇದು ಸುಟ್ಟೆ," ಎಂದ. "ಆ ಸೀಳಿನೊಳಗೆ ಏನಿರುತ್ತೋ ಯಾರಿಗ್ಗೊತ್ತು."

ಏವ್ರಿಲ್ ಮುಚ್ಚಳದ ಮೇಲೆ ಬೆರಳಾಡಿಸಿದಳು. ಏನಾದರೂ ಹೇಳಬೇಕಲ್ಲ ಎಂದು ಹೇಳಿದಳು.

"ಇದಕ್ಕಿನ್ನು ಒಂದು ವರ್ಷ ಯಾವುದೂ ಬಾಯಿ ಹಾಕಲ್ಲ."

"ನಂಗೆ ಹನ್ನೊಂದು ವರ್ಷ ಹಿಡೀತು," ಎಂದ ನಾರ್ಮನ್. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಏವ್ರಿಲ್ ಆಮೇಲೆ ಶೆಡ್ಡಿಗೆ ಹೋಗಿ ತನ್ನ ದೊಡ್ಡ ಪೆಟ್ಟಿಗೆಯನ್ನು ತಂದಳು. ಅದರ ಮುಚ್ಚಳಕ್ಕೆ ಹದಿನಾರು ವರ್ಷ. ಅಂಚು ಅಲೆ ಅಲೆಯಾಗಿ ಸವೆದಿತ್ತು. ಯಾವ ಗೀರು ಯಾವ ಅಳಿಲಿನದು, ಯಾವ ಚಳಿಗಾಲದ್ದು ಎಂದು ಕೆಲವನ್ನಾದರೂ ಅವಳು ಹೇಳಬಲ್ಲಳು. ಇದು ಮರಕ್ಕೆ ಹೋದರೆ ನಾಳೆ ಬೆಳಗ್ಗೆಯೇ ಅಳಿಲು ಬಂದು ಕೂರುತ್ತದೆ. ಸ್ಕ್ರೂ ನಾಲ್ಕು, ನಾಲ್ಕೂ ತುಕ್ಕು ಹಿಡಿದಿದ್ದವು. ಬಿಚ್ಚಲು ಅರ್ಧ ಗಂಟೆ ಬೇಕಾಯಿತು. ಮುಚ್ಚಳವನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ ಒಲೆಗೆ ಹಾಕಿದಳು. ಒಣಗಿದ ಮರ, ಚೆನ್ನಾಗಿ ಉರಿಯಿತು.

ಬೆಳಗ್ಗೆ ಎರಡೂ ಪೆಟ್ಟಿಗೆಯನ್ನು ಮರಕ್ಕೆ ಕಟ್ಟಿದಳು, ಒಂದರ ಮೇಲೆ ನಾರ್ಮನ್‌ನ ಹಲಗೆ, ಇನ್ನೊಂದರ ಮೇಲೆ ಅಡುಗೆಮನೆಯ ಕಪಾಟಿನಿಂದ ಕಿತ್ತ ಹಲಗೆ. ಆಶ್ ಮರದ ಕೊಂಬೆಯಲ್ಲಿ ಒಂದು ಎಳೆಯ ಅಳಿಲು ಕಾಣಿಸಿಕೊಂಡಿತು. ಹೊಸ ಮುಚ್ಚಳಗಳನ್ನು ನೋಡಿತು, ಬಾಲ ಕುಣಿಸಿತು, ಹೊರಟುಹೋಯಿತು. ಏವ್ರಿಲ್ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು.